ಮಂಜುಗುಣಿಯ ರಾತ್ರಿ ದೋಣಿ: ಹದಿನೇಳು ಚಳಿಗಾಲದ ಗಿರಾಕಿಯೊಬ್ಬನ ಅನಿಸಿಕೆ

2024ರ ಡಿಸೆಂಬರಿನಲ್ಲಿ, ಅಂಕೋಲಾ ಕಡೆಯ ಮಂಜುಗುಣಿಯಲ್ಲಿ ಗಾಳ ಹಾಕುವವರನ್ನು ರಾತ್ರಿ ದೋಣಿಯಲ್ಲಿ ಒಯ್ಯುವ ತಾಂಡೇಲಣ್ಣನಿಗೆ ಮೂರು ಸಲ ಫೋನ್ ಹಚ್ಚಿದೆ. ಮೂರು ಸಲವೂ ಒಂದೇ ಉತ್ತರ. "ಈ ವಾರ ಬರಬೇಡಿ ಮೇಸ್ತ್ರೇ. ಹೊಳೆಯಲ್ಲಿ ಎಂತದೂ ಇಲ್ಲ. ಸುಮ್ನೆ ಡೀಸೆಲ್ ಸುಟ್ಟುಕೊಂಡು ಬಂದು ಬೇಜಾರು ಮಾಡ್ಕೊಂಡು ಹೋಗ್ತೀರಿ." ಒಂದು ರಾತ್ರಿಗೆ ನಾಲ್ಕು ಸಾವಿರ ರೂಪಾಯಿ ಕೊಡಲು ತಯಾರಿದ್ದ ಗಿರಾಕಿಗೆ ಹೇಳಿದ ಮಾತು ಇದು. ಅವರ ದೋಣಿ ಆ ವಾರವೆಲ್ಲ ದಂಡೆಯ ಮೇಲೆ ಖಾಲಿ ನಿಂತಿತ್ತು ಅನ್ನುವುದು ನನಗೆ ಆಮೇಲೆ ತಿಳಿಯಿತು. ಮೀನು ಹಿಡಿಸುತ್ತೇವೆಂದು ಕರೆದೊಯ್ಯುವವರ ಬಗ್ಗೆ ಹುಬ್ಬಳ್ಳಿ-ಧಾರವಾಡದ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನದು ಗೋಕುಲ ರಸ್ತೆಯ ಬದಿಗೆ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿಯ ಮೋಟಾರು ಸುಟ್ಟು ಬಂದರೆ ಬಿಚ್ಚಿ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಗಾಳ ಹಾಕುವುದನ್ನು ಕಲಿಸಿದವರು ನನ್ನ ಸೋದರಮಾವ, ಉಣಕಲ್ ಕೆರೆಯ ದಂಡೆಯಲ್ಲಿ. ಉಪ್ಪು ನೀರಿನ ಮೀನಿನ ಹುಚ್ಚು ಹತ್ತಿದ್ದು ಮಾತ್ರ 2008ರಲ್ಲಿ. ಆ ವರ್ಷ ಎಳ್ಳಮಾಸಿ ಡಿಸೆಂಬರ್ 27ಕ್ಕೆ ಬಂದಿತ್ತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದು, ಮರುದಿನ ಉಳಿದ ಸಜ್ಜಿರೊಟ್ಟಿ, ಶೇಂಗಾ ಹೋಳಿಗಿ, ಪುಂಡಿಪಲ್ಯ ಕಟ್ಟಿಕೊಂಡು ನಾಲ್ವರು ಗೆಳೆಯರು ಒಂದು ಹಳೇ ಓಮ್ನಿಯಲ್ಲಿ ಅರಬೈಲ ಘಟ್ಟ ಇಳಿದೆವು. ಅಂಕೋಲಾದಿಂದ ಒಳಗೆ ಹೊರಳಿ ಮಂಜುಗುಣಿ ಮುಟ್ಟಿದಾಗ ಹೊತ್ತು ಮುಳುಗಿತ್ತು. ಗಂಗಾವಳಿ ಹೊಳೆ ಸಮುದ್ರ ಸೇರುವ ಜಾಗ ಅದು.

ಈ ಹೊಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆಯ ಬಹಳ ಜನರಿಗೆ ಗೊತ್ತಿಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಮಂಜುಗುಣಿಯಲ್ಲಿ ಕಡಲು ಸೇರುತ್ತದೆ. ನಾವು ರಸ್ತೆ ಹಿಡಿದು ಇಳಿಯುತ್ತೇವೆ, ಅದು ಕಾಡು ಹಿಡಿದು ಇಳಿಯುತ್ತದೆ, ಅಷ್ಟೇ ವ್ಯತ್ಯಾಸ. ತಾಂಡೇಲಣ್ಣನಿಗೆ ಇದನ್ನು ಮೊದಲ ರಾತ್ರಿಯೇ ಹೇಳಿದ್ದೆ. "ಹಂಗಾದ್ರೆ ನಿಮ್ಮ ನೀರಿನಲ್ಲೇ ನಾವು ಬದುಕೋದು" ಅಂದಿದ್ದರು. ಘಟ್ಟದ ಮೇಲಿನವರು ಅಂತ ನಮ್ಮನ್ನು ದೂರ ಇಟ್ಟು ಮಾತಾಡುತ್ತಿದ್ದವರು ಅಲ್ಲಿಂದ ಮುಂದೆ ಮನೆಯವರಂತೆ ನಡೆಸಿಕೊಂಡರು. (ದೋಣಿ ನಡೆಸುವ ಹಿರಿಯನಿಗೆ ಆ ಕಡೆ ತಾಂಡೇಲ ಅನ್ನುತ್ತಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.)

ಅವರ ಸೇವೆ ಹೀಗಿದೆ. ರಾತ್ರಿ ಒಂಬತ್ತಕ್ಕೆ ದೋಣಿ ಬಿಡುತ್ತಾರೆ, ಬೆಳಗಿನ ಆರಕ್ಕೆ ದಂಡೆಗೆ ತರುತ್ತಾರೆ. ನಾಲ್ಕು ಜನಕ್ಕಿಂತ ಹೆಚ್ಚು ಹತ್ತಿಸುವುದಿಲ್ಲ. ಫೈಬರ್ ದೋಣಿ, ಹಿಂದೆ ಎಂಜಿನ್. ಲೈಫ್ ಜಾಕೆಟ್ ಹಾಕಿಕೊಳ್ಳದವರನ್ನು ಎಷ್ಟೇ ಹಳೆಯ ಪರಿಚಯವಿದ್ದರೂ ಕೂಡಿಸಿಕೊಳ್ಳುವುದಿಲ್ಲ. ಗಾಳಕ್ಕೆ ಹಚ್ಚಲು ಜೀವಂತ ಸಿಗಡಿ ಅವರೇ ಸಂಜೆ ಬಲೆ ಬೀಸಿ ಹಿಡಿದು, ಬಕೀಟಿನಲ್ಲಿ ಹೊಳೆಯ ನೀರು ಬದಲಿಸುತ್ತ ಬದುಕಿಸಿ ಇಟ್ಟಿರುತ್ತಾರೆ. ರಾಡು, ರೀಲು ನಮ್ಮವು. ಬೆಳಿಗ್ಗೆ ಅವರ ಮನೆಯಲ್ಲಿ ಮೀನುಸಾರು, ಕುಚಲಕ್ಕಿ ಅನ್ನ. ಆ ಸಾರಿನ ಮೀನು ನಾವು ರಾತ್ರಿ ಹಿಡಿದದ್ದೇ ಆಗಿರುತ್ತಿತ್ತು. ಮೊದಲ ವರ್ಷ ಇಷ್ಟಕ್ಕೆಲ್ಲ ಎಂಟುನೂರು ರೂಪಾಯಿ ಕೊಟ್ಟ ನೆನಪು.

ಸಿಗಡಿ ಬದುಕಿಸುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಗಾಳ ಹಾಕುವವನಿಗೆ ಅರ್ಧ ಆಟ ಅದರಲ್ಲೇ ಇದೆ. ಇನ್ನರ್ಧ, ನೀರಿನ ಲೆಕ್ಕ. ಅಮಾವಾಸ್ಯೆಯ ಆಸುಪಾಸು ಭರತಿ (ಕಡಲ ಉಬ್ಬರ) ನಡುರಾತ್ರಿಯ ಸುಮಾರಿಗೆ ತುಂಬುತ್ತದೆ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ತುಂಬಿದ ನೀರು ಇಳಿಯಲು ಶುರುವಾದಾಗ ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಅಡಗಿದ್ದ ಸಿಗಡಿ, ಸಣ್ಣ ಮೀನು ಕೋಡಿಯ (ಹೊಳೆಗೆ ಸೇರುವ ಸಣ್ಣ ಕವಲು) ಬಾಯಿಯಿಂದ ಹೊರಗೆ ಜಾರಿಬರುತ್ತವೆ. ದೊಡ್ಡ ಮೀನು ಆ ಬಾಯಿಯ ಹೊರಗೆ, ಸೆಳೆತ ತಾಗದ ಮೂಲೆಯಲ್ಲಿ ಕಾಯುತ್ತ ನಿಂತಿರುತ್ತದೆ. ತಾಂಡೇಲಣ್ಣ ಎಂಜಿನ್ ಬಂದ್ ಮಾಡಿ, ಕೋಲು ಹಾಕಿ, ಸಪ್ಪಳವಿಲ್ಲದೆ ದೋಣಿಯನ್ನು ಆ ಮೂಲೆಯಿಂದ ಇಪ್ಪತ್ತು ಮಾರು ಈಚೆ ನಿಲ್ಲಿಸುತ್ತಾರೆ. ಟಾರ್ಚ್ ಹಚ್ಚಲು ಬಿಡುವುದಿಲ್ಲ. ಎಲ್ಲಿಗೆ ಎಸೆಯಬೇಕೋ ಅದನ್ನು ಕೈ ಹಿಡಿದು ತೋರಿಸುತ್ತಾರೆ. ಹದಿನೇಳು ವರ್ಷದಲ್ಲಿ ಈ ಕೆಲಸದಲ್ಲಿ ಅವರು ಒಂದು ಸಲವೂ ತಪ್ಪಿಲ್ಲ.

2008ರ ಆ ರಾತ್ರಿ ಮೂರು ಗಂಟೆಯ ಹೊತ್ತಿಗೆ ನನ್ನ ರೀಲು ಮೊದಲ ಸಲ ಕೂಗಿತು. ಕುರುಡೆ. ಗೋವಾದವರು ಚೊಣಕ ಅನ್ನುವ ಮೀನು. ಕತ್ತಲಲ್ಲಿ ನೀರಿನಿಂದ ಪೂರಾ ಮೇಲೆದ್ದು ತಲೆ ಕೊಡವಿತು, ಕಿವಿರು ಚಟಚಟ ಸಪ್ಪಳ ಮಾಡಿದ್ದು ಇವತ್ತಿಗೂ ಕಿವಿಯಲ್ಲಿದೆ. ದೋಣಿಗೆ ಎಳೆದುಕೊಂಡಾಗ ಟಾರ್ಚಿನ ಬೆಳಕಿಗೆ ಅದರ ಕಣ್ಣು ಕೆಂಡದಂತೆ ಹೊಳೆಯಿತು. ಅವತ್ತು ನಾಲ್ವರಿಗೂ ಮೀನು ಸಿಕ್ಕಿತು. ಆರಕ್ಕೇ ದಂಡೆಗೆ ತಿರುಗಿಸದೆ, ಸೂರ್ಯ ಹುಟ್ಟಿದ ಮೇಲೆ ಅಳಿವೆಯ ಹೊರಗೆ ಬಂಡೆಗಳ ಕಡೆ ಒಯ್ದರು. ಅಲ್ಲಿ ಒಬ್ಬನಿಗೆ ಇಸ್ವಾಣ (ಸುರಮಯಿ), ಇನ್ನೊಬ್ಬನಿಗೆ ಎರಡು ಕೆಂಬೇರಿ. ಮರಳಿ ಬರುವಾಗ ಓಮ್ನಿಯಲ್ಲಿ ಬರ್ಫದ ಡಬ್ಬಿ ಮುಚ್ಚಳ ಹಾಕಲು ಬರದಷ್ಟು ತುಂಬಿತ್ತು. ಓಣಿಗೆಲ್ಲ ಹಂಚಿದೆವು.

ನನಗೆ ಎಲ್ಲವನ್ನೂ ಬರೆದಿಡುವ ರೂಢಿ. ಯಾವ ಮೋಟಾರಿಗೆ ಯಾವ ಗೇಜಿನ ತಂತಿ, ಎಷ್ಟು ಸುತ್ತು ಅಂತ ಬರೆಯುವ ವಹಿಯ ಹಿಂದಿನ ಹಾಳೆಗಳಲ್ಲೇ ಮಂಜುಗುಣಿಯ ಲೆಕ್ಕವೂ ಇದೆ. ಮೊದಲ ಐದು ಚಳಿಗಾಲದಲ್ಲಿ ಬರಿಗೈಲಿ ಬಂದ ರಾತ್ರಿ ಒಂದೇ ಒಂದು, ಅದೂ ಮಳೆ ಬಂದಿದ್ದರಿಂದ. 2014ರ ಹೊತ್ತಿಗೆ ನಾಲ್ಕು ಜನಕ್ಕೆ ಸೇರಿ ಎರಡು ಮೀನು ಅನ್ನುವುದು ಮಾಮೂಲಿ ಆಯಿತು. ಇಸ್ವಾಣದ ಹೆಸರು 2016ರ ನಂತರ ನನ್ನ ವಹಿಯಲ್ಲಿಲ್ಲ. ಕಳೆದ ಐದು ಚಳಿಗಾಲದಲ್ಲಿ ಮೀನು ಸಿಕ್ಕ ರಾತ್ರಿಗಿಂತ ಸಿಗದ ರಾತ್ರಿ ಹೆಚ್ಚು. ಗಾತ್ರವೂ ಇಳಿದಿದೆ. ಆಗ ಸಣ್ಣದೆಂದು ಬಿಟ್ಟುಬಿಡುತ್ತಿದ್ದ ಮೀನನ್ನು ಈಗಿನ ಹುಡುಗರು ಎರಡೂ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ.

ಮೊದಲೆಲ್ಲ ಡಿಸೆಂಬರ್-ಜನವರಿಯ ಶನಿವಾರ ಬಂದರೆ ಆ ದಂಡೆಯಲ್ಲಿ ಹುಬ್ಬಳ್ಳಿ, ಬೆಳಗಾವಿಯ ಗಾಡಿಗಳು ನಿಂತಿರುತ್ತಿದ್ದವು. ಗಾಳದವರನ್ನು ಒಯ್ಯುವ ದೋಣಿ ನಾನು ಕಂಡಂತೆ ಆರೇಳು ಇದ್ದವು. ಈಗ ಇವರದೊಂದೇ. ಉಳಿದವರು ಪ್ರವಾಸಿಗರಿಗೆ ಡಾಲ್ಫಿನ್ ತೋರಿಸಲು ಗೋಕರ್ಣದ ಕಡೆ ಹೋದರು, ಕೆಲವರು ದೋಣಿ ಮಾರಿದರು.

ಯಾಕೆ ಹೀಗಾಯಿತು ಅಂತ ತಾಂಡೇಲಣ್ಣನನ್ನು ಕೇಳಿದರೆ ಅವರು ತಮ್ಮ ತಂದೆಯ ಕಾಲದಿಂದ ಶುರು ಮಾಡುತ್ತಾರೆ. ತಂದೆ ರಂಪಣಿಯಲ್ಲಿದ್ದವರು. ದಂಡೆಯಿಂದ ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ಹತ್ತಾರು ಜನ ಸೇರಿ ಎಳೆಯುವುದು ರಂಪಣಿ. ಮಳೆಗಾಲ ಮುಗಿದ ಮೇಲೆ ಬಂಗಡೆ, ತಾರ್ಲೆ (ಬೂತಾಯಿ) ದಂಡೆಗೆ ಬರುವ ತನಕ ಕಾಯುತ್ತಿದ್ದರು. ಊರಿಗೆ ಊರೇ ಹಗ್ಗ ಹಿಡಿಯುತ್ತಿತ್ತು, ಪಾಲು ಎಲ್ಲರಿಗೂ ಇರುತ್ತಿತ್ತು. 1975-76ರಲ್ಲಿ ಕರ್ನಾಟಕದ ಕಡಲಿಗೆ ಪರ್ಸೀನ್ ಬಲೆ ಬಂತು. ಮೀನು ದಂಡೆಗೆ ಬರುವ ಮೊದಲೇ ಆಳದಲ್ಲಿ ಸುತ್ತುಗಟ್ಟಿ ಎತ್ತಲು ಶುರು ಮಾಡಿದರು. ಕೆಲವೇ ವರ್ಷದಲ್ಲಿ ರಂಪಣಿಗಳು ಮೂಲೆ ಸೇರಿದವು. "ಅಪ್ಪ ಬಲೆ ಅಟ್ಟಕ್ಕೆ ಹಾಕಿದ್ದು ನೋಡಿದವ ನಾನು. ಈಗ ನಿಮ್ಮ ರಾಡೂ ಅಟ್ಟಕ್ಕೆ ಹೋಗೋದು ನೋಡ್ತೆ ಏನೋ" ಅಂದರು ಒಮ್ಮೆ. ಅವತ್ತು ದೋಣಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಅವರು ಯಾವ ಒಂದು ಕಾರಣಕ್ಕೂ ಬೆರಳು ತೋರಿಸುವವರಲ್ಲ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆ ಎರಡು ತಿಂಗಳ ಪುಣ್ಯದಿಂದ ಉಳಿದದ್ದೇ ನಮಗೆ ಚಳಿಗಾಲಕ್ಕೆ ಸಿಗುವುದು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ಬೆಳಕು ಹಾಕಿ ಮೀನು ಸೆಳೆಯುವುದನ್ನೂ, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಅದಾದ ಮೇಲೂ ಅಳಿವೆಯ ಬಾಯಿಯಿಂದ ಪಶ್ಚಿಮಕ್ಕೆ ನೋಡಿದಾಗ ಎಷ್ಟೋ ರಾತ್ರಿ ಕಡಲಂಚಿನಲ್ಲಿ ಪೇಟೆಯಂಥ ಬೆಳಕಿನ ಸಾಲು ಕಂಡಿದ್ದೇನೆ. ಹೊರಗಡಲಿನ ಇಸ್ವಾಣಕ್ಕೆ, ಬಂಗಡೆಗೆ ಅದು ದೊಡ್ಡ ಪೆಟ್ಟು. ತಾರ್ಲೆ 2012ರ ಸುಮಾರಿಗೆ ರಾಶಿ ರಾಶಿ ಸಿಕ್ಕಿ, 2015ರ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವಾಮಾನ ಏರುಪೇರಾಗುವುದು) ನಂತರ ಕುಸಿಯಿತು. ದೊಡ್ಡ ಮೀನು ದಂಡೆಯ ಹತ್ತಿರ ಬರುವುದೇ ಇಂಥ ಸಣ್ಣ ಮೀನಿನ ಬೆನ್ನು ಹತ್ತಿ. ಅದೇ ಇಲ್ಲವಾದರೆ ಅವು ಯಾಕೆ ಬಂದಾವು? ಇನ್ನು ಹೊಳೆಯೊಳಗೆ ಮರಳು ತೆಗೆದು ತೆಗೆದು, ನಾವು ಗುರುತಿಟ್ಟುಕೊಂಡಿದ್ದ ಎರಡು ಗುಂಡಿಗಳ ಸ್ವರೂಪವೇ ಬದಲಾಯಿತು. ಕೋಡಿಯ ಬಾಯಿಗೆ ಅಡ್ಡಲಾಗಿ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟುವುದು ಹೆಚ್ಚಾಯಿತು. ಕಟ್ಟುವವರೂ ಬಡವರೇ, ಅವರಿಗೆ ನಾನೇನು ಹೇಳಲಿ?

ಆದರೆ ನಮ್ಮ ಪಾಲಿನದನ್ನು ಹೇಳದೆ ಮುಂದೆ ಹೋಗಲಾರೆ. ಕುರುಡೆ ಮೀನು ಮರಿಯಿದ್ದಾಗ ಹೆಚ್ಚುಕಡಿಮೆ ಎಲ್ಲವೂ ಗಂಡು. ಕೆಲವು ವರ್ಷ ಬದುಕಿ, ದೊಡ್ಡದಾಗಿ ಬೆಳೆದ ಮೇಲೆ ಅವೇ ಹೆಣ್ಣಾಗಿ ತಿರುಗುತ್ತವೆ. ಅಂದರೆ ಹೊಳೆಯಲ್ಲಿರುವ ಅತಿ ದೊಡ್ಡ ಕುರುಡೆಗಳೆಲ್ಲ ತಾಯಂದಿರು. ಅಳಿವೆಯ ಉಪ್ಪು ನೀರಿನಲ್ಲಿ ಮೊಟ್ಟೆ ಇಡುವವು ಅವೇ. ಇದು ನನಗೆ ಗೊತ್ತಾದದ್ದು 2018ರಲ್ಲಿ, ಪಂಜರ ಕೃಷಿಗಾಗಿ ಕುರುಡೆ ಸಾಕುತ್ತಿದ್ದ ಕಾರವಾರದ ಕಡೆಯ ಒಬ್ಬರು ವಿವರಿಸಿ ಹೇಳಿದಾಗ. ಅಂಗಡಿಗೆ ಬಂದು ವಹಿ ತೆಗೆದು ನೋಡಿದೆ. ಆ ಹತ್ತು ವರ್ಷದಲ್ಲಿ ನಾವು ಎಂಟು ಕಿಲೋಕ್ಕಿಂತ ದೊಡ್ಡದಾದ ಹನ್ನೊಂದು ಮೀನು ಕೊಂದಿದ್ದೆವು. ಹನ್ನೊಂದಕ್ಕೂ ಪಕ್ಕದಲ್ಲಿ ಹೆಮ್ಮೆಯಿಂದ ನಕ್ಷತ್ರದ ಗುರುತು ಹಾಕಿದ್ದೆ. ಸಣ್ಣದನ್ನು ಬಿಟ್ಟು ದೊಡ್ಡದನ್ನು ಒಯ್ಯುವುದೇ ಧರ್ಮ ಅಂದುಕೊಂಡಿದ್ದ ನಾವು, ಪ್ರತಿ ವರ್ಷ ಹೊಳೆಯ ತಾಯಂದಿರನ್ನೇ ಆರಿಸಿ ಆರಿಸಿ ಒಯ್ದಿದ್ದೆವು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವತ್ತಿನಿಂದ ನಮ್ಮ ದೋಣಿಯಲ್ಲಿ ಒಂದು ನಿಯಮ: ಮೊಳಕೈಯಿಂದ ಬೆರಳ ತುದಿಯವರೆಗಿನ ಒಂದು ಮೊಳ, ಅದರ ಮೇಲೆ ಒಂದು ಗೇಣು. ಅದಕ್ಕಿಂತ ಉದ್ದದ್ದು ನೀರಿಗೆ ವಾಪಸ್. ತೀರ ಮರಿಯೂ ವಾಪಸ್. ನಡುವಿನದೊಂದು ಸಿಕ್ಕರೆ ಸಾರಿಗೆ. ತಾಂಡೇಲಣ್ಣ ಎದುರಾಡದೆ ಒಪ್ಪಿದರು. ಈಗ ಎಲ್ಲ ಗಿರಾಕಿಗಳಿಗೂ ಹತ್ತುವ ಮೊದಲೇ ಇದನ್ನು ಹೇಳುತ್ತಾರೆ. ಒಪ್ಪದವರನ್ನು ಹತ್ತಿಸುವುದಿಲ್ಲ. ಇದರಿಂದಲೂ ಅವರಿಗೆ ಗಿರಾಕಿ ಕಡಿಮೆಯಾಗಿದ್ದಾರೆ.

ಹೋಲಿಕೆಗೆ ಇನ್ನೊಂದು ಅನುಭವ ಹೇಳಬೇಕು. 2022ರ ಜನವರಿಯಲ್ಲಿ, ತಾಂಡೇಲಣ್ಣ ಬರಬೇಡಿ ಅಂದದ್ದಕ್ಕೆ ಬೇಸರವಾಗಿ, ಮೊಬೈಲಿನಲ್ಲಿ ಜಾಹೀರಾತು ಕಂಡು ಬೇರೆ ಕಡೆಯ ಒಂದು ಟ್ರಿಪ್ಪಿಗೆ ದುಡ್ಡು ಕಟ್ಟಿದೆವು. ತಲೆಗೆ ಎರಡೂವರೆ ಸಾವಿರ. ಒಂಬತ್ತು ಜನರನ್ನು ಒಂದೇ ದೋಣಿಗೆ ತುಂಬಿದರು, ಲೈಫ್ ಜಾಕೆಟ್ ಐದೇ ಇದ್ದವು. ಸತ್ತ ಸಿಗಡಿ, ವಾಸನೆ ಬರುತ್ತಿತ್ತು. ಮೀನು ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಟ್ಟಿದ್ದರಲ್ಲ, ಬೆಳಿಗ್ಗೆ ದಂಡೆಯಲ್ಲಿ ಬಲೆಯವರಿಂದ ಕೊಂಡ ಮೀನು ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳಿ ಅಂದರು. ನಮ್ಮ ಜೊತೆ ಬಂದಿದ್ದ ಗದಗಿನ ಹುಡುಗನೊಬ್ಬ, ಮೊದಲ ಸಲ ಕಡಲು ನೋಡಿದವನು, ಆ ಮೀನು ಹಿಡಿದುಕೊಂಡು ಏನು ಮಾಡಬೇಕು ತಿಳಿಯದೆ ನನ್ನ ಮುಖ ನೋಡುತ್ತ ನಿಂತದ್ದು ಮರೆಯಲಾರೆ. ಅವನನ್ನು ಮುಂದಿನ ವರ್ಷ ಮಂಜುಗುಣಿಗೆ ಕರೆದೊಯ್ದೆ. ಮೀನು ಸಿಗಲಿಲ್ಲ. ಆದರೆ ಕಾಂಡ್ಲಾ ಬೇರಿನ ನಡುವೆ ಸಿಗಡಿ ಚಿಮ್ಮುವುದನ್ನು ರಾತ್ರಿಯೆಲ್ಲ ನೋಡಿದ. ತಮ್ಮೂರ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆ ತಲೆಯ ಹೆಬ್ಬಾತುಗಳ ಬಗ್ಗೆ ತಾಂಡೇಲಣ್ಣನಿಗೆ ಹೇಳುತ್ತ ಕೂತಿದ್ದ. 2024ರ ಜನವರಿ ಕೊನೆಗೆ, ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೆ ಗದಗ ಜಿಲ್ಲೆಯ ಆ ಮಾಗಡಿ ಕೆರೆ ಮತ್ತು ಮಂಜುಗುಣಿಗೆ ದಕ್ಷಿಣಕ್ಕಿರುವ ಅಘನಾಶಿನಿ ಅಳಿವೆ ಒಟ್ಟಿಗೇ ಸೇರಿದವು ಅಂತ ಸುದ್ದಿ ಬಂದಾಗ ನನಗೆ ಮೊದಲು ಫೋನ್ ಮಾಡಿದವನು ಅವನೇ. ನಮ್ಮ ಗಂಗಾವಳಿಗೂ ಆ ಭಾಗ್ಯ ಬರಲಿ ಅನ್ನುವುದು ನನ್ನಾಸೆ.

ಅದೇ ವರ್ಷ ಜುಲೈ 16ರಂದು ಗಂಗಾವಳಿ ದಂಡೆಯ ಶಿರೂರಿನ ಗುಡ್ಡ ಕುಸಿಯಿತು. ಹೆದ್ದಾರಿಯ ಮೇಲೆ ಬಿದ್ದ ಮಣ್ಣು ಗಂಗಾವಳಿಯೊಳಗೂ ರಾಶಿಯಾಗಿ ನಿಂತಿತು, ಎದ್ದ ನೀರಿನ ಅಲೆ ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಹೊಳೆಯಲ್ಲಿ ಮುಳುಗಿದ ಲಾರಿಯನ್ನು ಹೊರತೆಗೆದದ್ದು ಸೆಪ್ಟೆಂಬರ್ 25ಕ್ಕೆ. ಆ ಹೊಳೆಯ ಮೇಲೆ ಹದಿನಾರು ವರ್ಷ ರಾತ್ರಿ ಕಳೆದ ನನಗೆ ಟಿವಿ ನೋಡುವುದೇ ಕಷ್ಟವಾಗಿತ್ತು. ತಾಂಡೇಲಣ್ಣ ಆ ಇಡೀ ಮಳೆಗಾಲ ದೋಣಿ ಇಳಿಸಲಿಲ್ಲ. "ಕಾಣೆಯಾದ ಜನರನ್ನ ಹುಡುಕ್ತಿರೋ ನೀರಲ್ಲಿ ಗಾಳ ಹಾಕೂದು ಹೆಂಗೆ" ಅಂದರು. ಚಳಿಗಾಲಕ್ಕೂ ನೀರು ಮೊದಲಿನಂತಿರಲಿಲ್ಲ, ತಳದಲ್ಲಿ ಹೊಸ ಹೂಳು ಕೂತಿದೆ ಅಂದರು. ಡಿಸೆಂಬರಿನ ಮೂರು "ಬರಬೇಡಿ"ಗಳಿಗೆ ಅದೂ ಒಂದು ಕಾರಣ.

ಕೊನೆಗೆ 2025ರ ಜನವರಿ 28ಕ್ಕೆ ಅವರೇ ಫೋನ್ ಮಾಡಿದರು. "ಬಂದು ನೋಡಿ ಹೋಗಿ. ಮಾತು ಕೊಡೂದಿಲ್ಲ. ಆದ್ರೆ ಸಿಗಡಿ ಬಂದಿದೆ." 31ರ ಶುಕ್ರವಾರ, ಅಮಾವಾಸ್ಯೆ ಕಳೆದು ಎರಡನೇ ದಿನ, ಮೂವರು ಹೋದೆವು. ನಾಲ್ಕನೆಯವನಿಗೆ ಮೊಣಕಾಲು ನೋವು. ಮೊದಲ ಎರಡು ಕೋಡಿಯಲ್ಲಿ ಏನೂ ಇಲ್ಲ. ಮಂಜು ಬಿದ್ದು ರಾಡಿನ ಹಿಡಿ ಒದ್ದೆಯಾಯಿತು. ಮೂರನೆಯ ಜಾಗದಲ್ಲಿ, ನಾಲ್ಕು ಗಂಟೆ ದಾಟಿದ ಮೇಲೆ, ನೀರು ಅರ್ಧಕ್ಕಿಂತ ಹೆಚ್ಚು ಇಳಿದಾಗ, ನನ್ನ ಸಿಗಡಿಯನ್ನು ಏನೋ ಗಬಕ್ಕನೆ ನುಂಗಿತು. ರೀಲು ಕೂಗಿದ ಸದ್ದಿಗೆ ತಾಂಡೇಲಣ್ಣ ಎದ್ದು ನಿಂತರು. ಹತ್ತು ನಿಮಿಷವಾದರೂ ಎಳೆದಿರಬೇಕು. ಬುಟ್ಟಿಬಲೆಗೆ ಬಂದಾಗ ಅಳೆಯುವ ಅಗತ್ಯವೇ ಇರಲಿಲ್ಲ. ನನ್ನ ಮೊಳ, ಗೇಣು ಎರಡನ್ನೂ ದಾಟಿ ಇನ್ನೂ ಬಾಲ ಉಳಿದಿತ್ತು. ಬಲೆಯನ್ನು ನೀರಿನಿಂದ ಮೇಲಕ್ಕೆತ್ತಲಿಲ್ಲ. ಇಕ್ಕಳದಿಂದ ಗಾಳ ಬಿಡಿಸಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು, ಮುಖವನ್ನು ಸೆಳೆತಕ್ಕೆ ಎದುರಾಗಿ ಹಿಡಿದೆ. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಸುಮಾರು ಹೊತ್ತು ನನ್ನ ಕೈಯಲ್ಲೇ ಉಸಿರಾಡಿತು. ಆಮೇಲೆ ಬಾಲ ಒಮ್ಮೆ ಬೀಸಿ, ನನ್ನ ಮುಖಕ್ಕೆ ನೀರು ಎರಚಿ, ಕತ್ತಲೊಳಗೆ ಹೋಯಿತು. ತಾಂಡೇಲಣ್ಣ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ನನಗೆ ಮುಖ ಒರೆಸಲು ಕೊಟ್ಟರು.

ಹೋಗಬೇಕೆನ್ನುವವರಿಗೆ: ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಮೇಲೆ ಹಾಸಿ ಅಂಕೋಲಾಕ್ಕೆ ನೂರಾಮೂವತ್ತು ಕಿಲೋಮೀಟರಿನ ಆಸುಪಾಸು. ಅರಬೈಲ ಘಟ್ಟದಲ್ಲಿ ಲಾರಿಗಳ ಸಾಲು ಇರುತ್ತದೆ, ಮಧ್ಯಾಹ್ನ ಎರಡಕ್ಕೇ ಹೊರಡಿ. ಫೋನ್ ನಂಬರು ಇಲ್ಲಿ ಹಾಕುವುದಿಲ್ಲ, ಮಂಜುಗುಣಿಯ ದಂಡೆಯಲ್ಲಿ ಗಾಳದ ದೋಣಿ ಅಂತ ಕೇಳಿದರೆ ತೋರಿಸುತ್ತಾರೆ. ದೋಣಿಯಲ್ಲಿ ಶೌಚಾಲಯವಿಲ್ಲ, ನೆರಳಿಲ್ಲ, ಕೂಡಲು ಹಲಗೆ ಮಾತ್ರ. ಸ್ವೆಟರ್ ಬೇಕೇ ಬೇಕು. ದೋಣಿಗೆ, ದೋಣಿಯವರಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಅವರು ಬರಬೇಡಿ ಅಂದರೆ ಹೋಗಬೇಡಿ. ಬನ್ನಿ ಅಂದಾಗ ತಪ್ಪಿಸಬೇಡಿ. ಅವರ ಮನೆಯವರಿಗೆ ನಮ್ಮ ಕಡೆಯ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಬಹಳ ಸೇರುತ್ತವೆ.

ಆ ಶನಿವಾರ ಬೆಳಿಗ್ಗೆ ಊಟಕ್ಕೆ ಕೂತಾಗ ಸಾರಿನಲ್ಲಿ ಬಂಗಡೆ ಇತ್ತು. ನಾವಂತೂ ಬಂಗಡೆ ಹಿಡಿದಿರಲಿಲ್ಲ. ಕೇಳಿದಾಗ ಆ ಮನೆಯ ಅಕ್ಕ, ಹಿಂದಿನ ದಿನವೇ ಅಂಕೋಲಾ ಮಾರ್ಕೆಟ್ಟಿನಿಂದ ತರಿಸಿದ್ದು ಅಂದರು. "ನೀವು ಬಂದ ದಿನ ಎಲೆಯಲ್ಲಿ ಮೀನಿಲ್ಲದಂಗೆ ಹೆಂಗೆ ಬಡಿಸೂದು." ಹೊಳೆಯ ದಂಡೆಯ ಆ ಮನೆಯಲ್ಲಿ ಪೇಟೆಯಿಂದ ಕೊಂಡ ಮೀನು ತಿಂದದ್ದು ಹದಿನೇಳು ವರ್ಷದಲ್ಲಿ ಅದೇ ಮೊದಲು. ಎರಡು ಸಲ ಬಡಿಸಿಕೊಂಡೆ. ಹೊರಡುವಾಗ ಅವರ ಬಾವಿಯ ಪಂಪು ಸುಟ್ಟು ವಾರವಾಗಿದೆ ಅಂತ ಗೊತ್ತಾಯಿತು, ನಮಗೆ ಹೇಳಿರಲಿಲ್ಲ. ಮೀನಿನ ಡಬ್ಬಿ ಇಡುತ್ತಿದ್ದ ಜಾಗದಲ್ಲಿ ಆ ಮೋಟಾರು ಇಟ್ಟುಕೊಂಡು ಘಟ್ಟ ಹತ್ತಿದೆವು. ಬುಧವಾರದ ಹೊತ್ತಿಗೆ ಸುತ್ತಿ, ವಾರ್ನಿಶ್ ಒಣಗಿಸಿ, ಹೊಸ ಬೇರಿಂಗ್ ಹಾಕಿ ಅಂಕೋಲಾ ಬಸ್ಸಿಗೆ ಕೊಟ್ಟು ಕಳಿಸಿದೆ.